ಬಾಳೆಎಲೆ ವ್ಯಾನಿನ ಪುಟ್ಟಬಸಮ್ಮ

ಬಿಳಿಗೆರೆಯ ಪುಟ್ಟಬಸಮ್ಮ ವ್ಯಾನು ತಂದ ದಿನ ಅರ್ಧ ಬೀದಿಯೇ ಅವಳ ಮನೆ ಮುಂದೆ ನಿಂತಿತ್ತು. ಹೊಸ ವ್ಯಾನೇನಲ್ಲ. ಮೂಗೂರಿನ ಬೇಕರಿಯವರೊಬ್ಬರು ವರ್ಷಗಟ್ಟಲೆ ಬನ್ನು, ಬ್ರೆಡ್ಡು ಸಾಗಿಸಿ, ಇನ್ನು ಇದರ ಸಹವಾಸ ಸಾಕು ಎನ್ನಿಸಿದ ಮೇಲೆ ಮಾರಿದ್ದು. ಪಕ್ಕದಲ್ಲಿ ಬರೆಸಿದ್ದ ‘ತಾಜಾ ಬ್ರೆಡ್’ ಎಂಬ ಅಕ್ಷರಗಳನ್ನು ಉಜ್ಜಿಸಿದಾಗ ‘ಬ್ರೆಡ್’ ಹೋಯಿತು, ‘ತಾಜಾ’ ಮಾತ್ರ ಜಪ್ಪಯ್ಯ ಎಂದರೂ ಹೋಗಲಿಲ್ಲ. ಇರಲಿ ಬಿಡಿ ಎಂದಳು ಪುಟ್ಟಬಸಮ್ಮ. ಅವಳು ಮಾರುವುದು ಬಾಳೆಎಲೆ. ಎಲೆಗೂ ಆ ಮಾತು ಒಪ್ಪುತ್ತದೆ.

ಐವತ್ತು ದಾಟಿದ ಹೆಂಗಸು ಸ್ಟೇರಿಂಗ್ ಹಿಡಿಯುವಂತೆ ಮಾಡಿದ್ದು ಮಾರಯ್ಯ. ಅವನದೊಂದು ಗೂಡ್ಸ್ ಆಟೋ. ತೋಟದಲ್ಲಿ ಕೊಯ್ದ ಎಲೆಯನ್ನು ಕಟ್ಟು ಕಟ್ಟಿ, ಒದ್ದೆ ಗೋಣಿ ಹೊದಿಸಿ, ರಸ್ತೆ ಬದಿಯಲ್ಲಿಟ್ಟುಕೊಂಡು ಕೂತರೆ ಮಾರಯ್ಯ ‘ಇಗೋ ಬಂದೆ’ ಎನ್ನುವನು; ಆ ‘ಇಗೋ’ ಎಷ್ಟು ಉದ್ದ ಎಂಬುದು ಆ ಶಿವನಿಗೇ ಗೊತ್ತು. ಒಮ್ಮೆ ಹೀಗೆ ಕಾದು ಕಾದು ಎಲೆಯೆಲ್ಲ ಬಾಡಿದಾಗ ಪುಟ್ಟಬಸಮ್ಮನಿಗೆ ನೆತ್ತಿಗೇರಿತು. ಮಾರನೆಯ ವಾರವೇ ನಂಜನಗೂಡಿಗೆ ಹೋಗಿ ಡ್ರೈವಿಂಗ್ ಸ್ಕೂಲ್ ಸೇರಿಕೊಂಡಳು. ಕಲಿಸುವ ಹುಡುಗನಿಗೆ ಮೊದಮೊದಲು ಜೀವ ಬಾಯಿಗೆ ಬರುತ್ತಿತ್ತಂತೆ. ಲೈಸೆನ್ಸ್ ಕೈಗೆ ಬಂದಾಗ ಅವನೇ ಹೋಗಿ ಲಾಡು ತಂದು ಹಂಚಿದನು.

ಅವಳ ಗಂಡ ಶಿವಮಲ್ಲಪ್ಪ ಸ್ಟೇರಿಂಗಿನ ತಂಟೆಗೆ ಹೋದವನಲ್ಲ. ಒಂದೇ ಒಂದು ಸಲ ಕೂತು, ವ್ಯಾನನ್ನು ಸೀದಾ ಪಕ್ಕದ ಮನೆಯ ಹುಲ್ಲಿನ ಮೆದೆಗೆ ನುಗ್ಗಿಸಿ, ಕೈಮುಗಿದು ಕೆಳಗಿಳಿದಿದ್ದ. ಆದರೆ ಎಡಗಡೆಯ ಸೀಟು ಎಂದರೆ ಅವನಿಗೆ ಪ್ರಾಣ. ಕಿಟಕಿಗೆ ಮೊಣಕೈ ಕೊಟ್ಟು, ಹೆಗಲಿನ ಟವೆಲ್ಲು ಹಾರದಂತೆ ಹಿಡಿದು, ದಾರಿಯಲ್ಲಿ ಸಿಕ್ಕವರಿಗೆಲ್ಲ ಕೈಯೆತ್ತುತ್ತ ಕೂರುವನು. ಬೇರೆ ಯಾವ ಭೋಗವನ್ನೂ ಬೇಡದ ಮನುಷ್ಯ ಅವನು. ಆ ಸೀಟೊಂದಿದ್ದರೆ ಸಾಕು.

ಹಳೇ ಗಾಡಿ ಎಂದ ಮೇಲೆ ರಿಪೇರಿಗೇನು ಬರವೆ? ಮೊದಲು ಕೈಕೊಟ್ಟಿದ್ದು ಬ್ಯಾಟರಿ. ಅದನ್ನು ಬದಲಾಯಿಸಿದರೆ ಸೆಲ್ಫ್ ತೆಗೆದುಕೊಳ್ಳಲಿಲ್ಲ. ಒಂದು ತಿಂಗಳು ಪೂರ್ತಿ ವ್ಯಾನನ್ನು ಇಳಿಜಾರಿನಲ್ಲೇ ನಿಲ್ಲಿಸಿ, ತಳ್ಳಿಸಿಕೊಂಡೇ ಹೊರಡಬೇಕಾಯಿತು. ಸೆಲ್ಫ್ ಸರಿಯಾಗುವ ಹೊತ್ತಿಗೆ ರೇಡಿಯೇಟರ್ ಸೋರತೊಡಗಿತು. ಬ್ರೆಡ್ಡಿನ ಪುಡಿಯ ರುಚಿ ಕಂಡಿದ್ದ ಇಲಿಗಳು ಬೇಕರಿ ಬಿಟ್ಟು ಬಂದರೂ ವ್ಯಾನು ಬಿಡದೆ, ತಿನ್ನಲು ಏನೂ ಸಿಗದಿದ್ದಾಗ ವೈರನ್ನೇ ಕಡಿದವು. ಪೆಟ್ರೋಲ್ ಎಷ್ಟಿದೆ ಎಂದು ತೋರಿಸುವ ಮುಳ್ಳು ಅಂದು ಮಲಗಿದ್ದು ಇವತ್ತಿಗೂ ಎದ್ದಿಲ್ಲ. ಇವೆಲ್ಲದರ ನಡುವೆ ಇನ್ಶೂರೆನ್ಸ್ ಒಂದು ಕಡೆ, ಎಫ್‌ಸಿ ಇನ್ನೊಂದು ಕಡೆ, ಹೊಗೆ ಸರ್ಟಿಫಿಕೇಟ್ ಮತ್ತೊಂದು ಕಡೆ ಸರದಿಯ ಮೇಲೆ ಬಾಗಿಲು ತಟ್ಟುತ್ತಿದ್ದವು. ವ್ಯಾನು ದುಡಿದದ್ದರಲ್ಲಿ ಮುಕ್ಕಾಲು ಪಾಲು ವ್ಯಾನೇ ನುಂಗುತ್ತಿತ್ತು.

“ಅಕ್ಕ, ಸೆಕೆಂಡ್ ಹ್ಯಾಂಡ್ ಗಾಡಿ ಅಂದ್ರೆ ಮನೆ ಅಳಿಯ ಇದ್ದಂಗೆ. ದಿನಾ ಏನಾರ ಒಂದು ಕೇಳ್ತಾನೇ ಇರ್ತದೆ. ಕೊಟ್ಕಂಡು ಓಯ್ತಾ ಇರ್ಬೇಕು,” ಎನ್ನುತ್ತಿದ್ದ ನಂಜನಗೂಡಿನ ಮೆಕ್ಯಾನಿಕ್ ಅಮೃತೇಶ್.

“ಅಳಿಯ ಆದ್ರೆ ಅಬ್ಬಕ್ಕೊಂದು ಕೇಳ್ತಾನೆ ಕಣಪ್ಪ. ಇದು ವಾರ್ವಾರ ಕೇಳ್ತದಲ್ಲ!” ಎಂದು ಪುಟ್ಟಬಸಮ್ಮ ಬೈಯುವಳು. ಬೈದು ಮುಗಿಸಿ, ವ್ಯಾನಿನ ಬಾಗಿಲನ್ನು ಸೆರಗಿನಿಂದ ಒರೆಸುವಳು. ಅವಳ ಬೈಗುಳವನ್ನೆಲ್ಲ ನಂಬಬೇಕಾಗಿಲ್ಲ. ಆ ವ್ಯಾನಿನ ಮೇಲೆ ಅವಳಿಗೆ ಜೀವವಿತ್ತು. ಬೇಕಾದ ಹೊತ್ತಿಗೆ ಹೊರಟು, ಬೇಕಾದ ಕಡೆ ನಿಲ್ಲಿಸಿ, ಯಾರ ದಾರಿಯನ್ನೂ ಕಾಯದೆ ಮನೆಗೆ ಬರುವ ಸುಖ ಆ ವಯಸ್ಸಿನವರೆಗೂ ಅವಳು ಕಂಡಿರಲಿಲ್ಲ.

ವ್ಯಾನಿನ ದೇಹದ ಕಡೆಯ ಕೆಲಸ ಅಮೃತೇಶನದಾದರೆ ದೇವರ ಕಡೆಯ ಕೆಲಸ ಶಿವಮಲ್ಲಪ್ಪನದು. ಸೋಮವಾರ ಬಂತೆಂದರೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ವಿಭೂತಿಯನ್ನು ಗಂಧದ ಜೊತೆ ತೇಯ್ದು ತಂದು ವ್ಯಾನಿಗೆ ಮೂರು ಬೆರಳಿನ ಪಟ್ಟೆ ಎಳೆಯುವನು. ಬರೀ ವಿಭೂತಿಯಾದರೆ ಗಾಳಿಗೆ ಹಾರಿಹೋಗುತ್ತದೆ, ಗಂಧ ಸೇರಿದರೆ ಮಳೆ ಬಂದರೂ ಅಲ್ಲಾಡುವುದಿಲ್ಲ ಎಂಬುದು ಅವನ ಅನುಭವ. ಹಚ್ಚುತ್ತಿದ್ದುದು ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೆ. ಮೂಲ ಮುಚ್ಚಳ ಬೇಕರಿಯವರ ಕಾಲದಲ್ಲೇ ಕಳೆದುಹೋಗಿ, ಅಂಗಡಿಯಲ್ಲಿ ಸಿಕ್ಕಿದ ಒಂದು ಕಬ್ಬಿಣದ ಮುಚ್ಚಳ ಹೊರಗೇ ಕಾಣುವಂತೆ ಕೂತಿತ್ತು.

“ಅದು ಉಣ್ಣೋದೇ ಅಲ್ಲಿ ಕಣೇ. ಉಣ್ಣೋ ಬಾಯಿಗೆ ಮೊದ್ಲು ಈಬೂತಿ ಬೀಳ್ಬೇಕು,” ಎಂದು ಅವನು ಕಾರಣ ಹೇಳಿದ್ದ. ಪಟ್ಟೆಯ ನಡುವೆ ಒಂದು ದಪ್ಪ ಕುಂಕುಮದ ಬೊಟ್ಟು ಬೇರೆ. ಹಳೆಯದನ್ನು ಅಳಿಸುವ ಮಾತೇ ಇಲ್ಲ. ಹಚ್ಚಿದ ವಿಭೂತಿಯನ್ನು ಕೈಯಾರೆ ಒರೆಸುವುದು ಉಂಟೆ? ಅದರ ಮೇಲೇ ಹೊಸದು. ಪೆಟ್ರೋಲ್ ಬಂಕಿನವರು ಕೂಡ ಆ ಮುಚ್ಚಳವನ್ನು ಅಂಚು ಹಿಡಿದು ಮೆಲ್ಲಗೆ ತಿರುಗಿಸಿ, ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಡುತ್ತಿದ್ದರು.

ದಿನಗಳು ಹೀಗೆ ನಡೆದಿರಲಾಗಿ ಕಾರ್ತಿಕದ ಹೊತ್ತಿಗೆ ಹೊಸದೊಂದು ರೋಗ ಶುರುವಾಯಿತು. ನಂಜನಗೂಡಿನ ಮೆಸ್ಸುಗಳಿಗೆ ಎಲೆ ಹಾಕಿ ಬರುವಾಗ ವ್ಯಾನು ಹೂವಿನ ಹಾಗೆ ಓಡುವುದು. ತಿರುಗಿ ಟಿ. ನರಸೀಪುರದ ಕಡೆ ಹೊರಟರೆ, ಸುತ್ತೂರು ದಾಟಿ ಸ್ವಲ್ಪ ದೂರ ಹೋಗುತ್ತಿದ್ದಂತೆ ಎಳೆತ ಕಡಿಮೆಯಾಗಿ, ಕೆಮ್ಮಿ, ಜರ್ಕು ಹೊಡೆದು ನಿಂತುಬಿಡುವುದು. ಆಗ ಶಿವಮಲ್ಲಪ್ಪ ಕೆಳಗಿಳಿದು, ಮುಳ್ಳು ಕೆಟ್ಟಿದ್ದರಿಂದ ಪೆಟ್ರೋಲ್ ಇದೆಯೋ ಇಲ್ಲವೋ ನೋಡಲು ಮುಚ್ಚಳ ತೆಗೆಯುವನು. ತೆಗೆಯುವಾಗ ದೊಡ್ಡ ದನಿಯಲ್ಲಿ ‘ಓಂ ನಮಃ ಶಿವಾಯ’ ಹೇಳುವನು. ಕಡ್ಡಿ ಇಳಿಸಿ ನೋಡಿ, ಮುಚ್ಚಳ ಹಾಕಿ, ಅದರ ಮೇಲೆ ಇನ್ನೊಂದು ಪಟ್ಟೆ ವಿಭೂತಿ ಎಳೆಯುವನು. ಅಷ್ಟರಲ್ಲಿ ಪುಟ್ಟಬಸಮ್ಮ ಅಮೃತೇಶನಿಗೆ ಫೋನು ಮಾಡಿ ಕೂಗಾಡಿ, ಕೊನೆಗೆ ಚಾವಿ ತಿರುಗಿಸಿದರೆ ವ್ಯಾನು ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುವುದು. ಇನ್ನಷ್ಟು ದೂರ ಹೋಗಿ ಮತ್ತೆ ನಿಲ್ಲುವುದು.

ತನ್ನ ವಿಭೂತಿಯಿಂದಲೇ ಅದು ಹೊರಡುತ್ತಿದೆ ಎಂದು ಶಿವಮಲ್ಲಪ್ಪನಿಗೆ ಖಾತ್ರಿಯಾಯಿತು. ಸೋಮವಾರದ ಜೊತೆಗೆ ಗುರುವಾರವೂ ಹಚ್ಚತೊಡಗಿದ. ಅಮೃತೇಶ್ ಪ್ಲಗ್ಗು ಬದಲಾಯಿಸಿದ, ಫಿಲ್ಟರ್ ಬದಲಾಯಿಸಿದ, ಕಾರ್ಬುರೇಟರ್ ಬಿಚ್ಚಿ ತೊಳೆದ, ಪಂಪು ಹೊಸದು ಹಾಕಿದ. ಪ್ರತಿ ಸಲವೂ ಊರೊಳಗೆ ಒಂದು ಸುತ್ತು ಹೊಡೆದು ‘ಬೆಂಕಿ ಇದ್ದಂಗೆ ಓಯ್ತಾ ಅದೆ ಅಕ್ಕ’ ಎಂದು ಚಾವಿ ಕೊಡುವನು. ಊರೊಳಗೆ ಓಡುವುದು ಅವಳಿಗೂ ಗೊತ್ತಿತ್ತು. ಸುತ್ತೂರು ದಾಟುವುದೇ ಪಂಚಾಯಿತಿ.

ಟಿ. ನರಸೀಪುರದಲ್ಲಿ ರುದ್ರಮ್ಮನ ಕಲ್ಯಾಣ ಮಂಟಪವಿದೆ. ಗತ್ತಿನ ಹೆಂಗಸು, ಆದರೆ ಮಾತಿನಲ್ಲಿ ಮೋಸವಿಲ್ಲ. ಅಲ್ಲಿಯ ಮದುವೆಗಳಿಗೆ ಎಲೆ ಪುಟ್ಟಬಸಮ್ಮನದೇ. ಬೀಗರಿಗೆ ಕುಡಿ ಎಲೆ, ಉಳಿದವರಿಗೆ ಸೀಳೆಲೆ ಎಂದು ಬೇರೆ ಬೇರೆ ಕಟ್ಟು ಕಟ್ಟಿ ತರುವ ಅಚ್ಚುಕಟ್ಟುತನ ರುದ್ರಮ್ಮನಿಗೆ ಹಿಡಿಸಿತ್ತು. ಆದರೆ ಮಾಘದಲ್ಲಿ ಒಂದು ಮದುವೆಗೆ ವ್ಯಾನು ತಡವಾಯಿತು. ಫಾಲ್ಗುಣದಲ್ಲಿ ಇನ್ನೊಂದು ಮದುವೆಗೆ ಎಷ್ಟು ತಡವಾಯಿತೆಂದರೆ, ಗಂಡಿನ ಕಡೆಯವರು ಬಂದು ಕೂತಾಗ ಮುಂದೆ ಬರೀ ಟೇಬಲ್ಲು. ಕೊನೆಗೆ ಪಕ್ಕದ ಅಂಗಡಿಯಿಂದ ಪೇಪರ್ ಎಲೆ ತಂದು ಹಾಕಿದರು. ಬೀಗರು ಪೇಪರ್ ಎಲೆಯಲ್ಲಿ ಊಟ ಮಾಡಿದ್ದು ಊರೆಲ್ಲ ಸುದ್ದಿಯಾಯಿತು.

“ಬಸಮ್ಮ, ನಿನ್ ಎಲೆಗೆ ಎಸ್ರಿಡಂಗಿಲ್ಲ,” ಎಂದಳು ರುದ್ರಮ್ಮ. “ಆದ್ರೆ ನಿನ್ ಗಾಡಿ ನಂಬ್ಕಂಡು ನಾನು ಮರ್ವಾದೆ ಕಳ್ಕಳಕ್ಕಾಗಲ್ಲ. ವೈಶಾಖದಲ್ಲಿ ಸಾಲಾಗಿ ಮದ್ವೆ ಅವೆ. ಈ ಬಾನ್ವಾರದ್ದಕ್ಕೆ ಒತ್ತಿಗೆ ಸರ್ಯಾಗಿ ಎಲೆ ಬಂತಾ, ಎಲ್ಲಾ ಮದ್ವೇನೂ ನಿಂದೇ. ಬರ್ಲಿಲ್ವಾ, ಬೇರೆಯೋರ್ಗೆ ಯೋಳ್ತೀನಿ. ಬೇಜಾರ್ ಮಾಡ್ಕಬೇಡ.”

ಬೇಜಾರು ಮಾಡಿಕೊಳ್ಳದೆ ಇರುವುದು ಹೇಗೆ? ಮಂಟಪದ ಎಲೆ ಕೈಬಿಟ್ಟರೆ ಬರೀ ಮೆಸ್ಸುಗಳ ವ್ಯಾಪಾರದಲ್ಲಿ ವ್ಯಾನು ಸಾಕುವುದು ಆಗದ ಮಾತು. ಗುಜರಿಗೆ ಹಾಕಬೇಕು. ಮತ್ತೆ ರಸ್ತೆ ಬದಿ, ಒದ್ದೆ ಗೋಣಿ, ಮಾರಯ್ಯನ ‘ಇಗೋ ಬಂದೆ’. ಇದನ್ನು ನೆನೆಸಿಕೊಂಡರೇ ಪುಟ್ಟಬಸಮ್ಮನಿಗೆ ಊಟ ಸೇರುತ್ತಿರಲಿಲ್ಲ. ಆ ಸಂಕಟದಲ್ಲೇ ಶನಿವಾರ ಗಂಡನ ಮೇಲೆ ಹರಿಹಾಯ್ದಳು.

“ಅದ್ರಲ್ಲಿ ಏನೂ ಕೆಟ್ಟಿಲ್ಲ ಅಂತಾನೆ ಅಮೃತೇಶ. ಮತ್ತೆ ಯಾಕ್ ನಿಲ್ತದೆ? ನೀವ್ ಕೂತ್ರೇನೇ ನಿಲ್ಲೋದು ಕಣ್ರೀ. ನಿಮ್ ಕಾಲ್ಗುಣವೇ ಸರಿಯಿಲ್ಲ!”

ಬಾಯಿಂದ ಬಿದ್ದ ಮೇಲೆ ಇದು ಹೆಚ್ಚಾಯಿತು ಎಂದು ಅವಳಿಗೇ ಅನ್ನಿಸಿತು. ಶಿವಮಲ್ಲಪ್ಪ ಕುಡುಗೋಲು ತೆಗೆದುಕೊಂಡು ತೋಟಕ್ಕೆ ಹೋದ. ಸಂಜೆಯವರೆಗೂ ಎಲೆ ಕೊಯ್ದ. ಒಂದೂ ಹರಿಯದ, ಒಂದೂ ಚುಕ್ಕಿಯಿಲ್ಲದ ಕುಡಿ ಎಲೆಗಳನ್ನೇ ಆರಿಸಿ ಬೀಗರ ಕಟ್ಟು ಕಟ್ಟಿಟ್ಟ. ಭಾನುವಾರ ಬೆಳಕು ಹರಿಯುತ್ತಲೇ ಎಲ್ಲವನ್ನೂ ವ್ಯಾನಿಗೆ ತುಂಬಿ, ಮುಚ್ಚಳಕ್ಕೆ ವಿಭೂತಿ ಹಚ್ಚಿ, ಜಗಲಿಯ ಮೇಲೆ ಹೋಗಿ ಕೂತ.

“ಬನ್ನಿ, ಒತ್ತಾಯ್ತು,” ಎಂದಳು ಪುಟ್ಟಬಸಮ್ಮ.

“ನೀನ್ ಓಗ್ಬಾ. ನಾನ್ ಬ್ಯಾಡ ಇವತ್ತು.”

ಎರಡು ಸಲ ಹಾರನ್ ಹೊಡೆದಳು. ಅವನು ಏಳಲಿಲ್ಲ. ಬಿಗುಮಾನದ ಹೆಂಗಸು, ಇಳಿದು ಹೋಗಿ ಕರೆಯಲಿಲ್ಲ. ಗೇರು ಹಾಕಿ ಹೊರಟಳು. ದಾರಿಯುದ್ದಕ್ಕೂ ಎಡಗಡೆಯ ಸೀಟನ್ನು ನೋಡಬಾರದು ಎಂದುಕೊಂಡೇ ನೋಡುತ್ತಿದ್ದಳು.

ಸುತ್ತೂರು ದಾಟಿತು. ಎರಡೂ ಕಡೆ ಗದ್ದೆ, ನಾಲೆಯ ಏರಿ. ವ್ಯಾನು ಕೆಮ್ಮಿತು. “ಬ್ಯಾಡ ಕಣವ್ವ, ಇವತ್ತೊಂದಿನ ಬ್ಯಾಡ,” ಎಂದು ಅಂಗಲಾಚಿದಳು. ಜರ್ಕು ಹೊಡೆಯಿತು. “ನಿನ್ ಮನೆ ಕಾಯೋಗ!” ಎಂದು ಬೈದಳು. ಅದಕ್ಕೂ ಬಗ್ಗದೆ ರಸ್ತೆಯ ಅಂಚಿಗೆ ಸರಿದು ನಿಂತುಹೋಯಿತು.

ಗಂಡ ಪಕ್ಕದಲ್ಲಿರಲಿಲ್ಲ, ವ್ಯಾನು ನಿಂತಿತ್ತು. ಹಾಗಾದರೆ ಕಾಲ್ಗುಣ ಅವನದಲ್ಲ. ಇದು ಹೊಳೆದ ಕೂಡಲೇ ಪುಟ್ಟಬಸಮ್ಮನಿಗೆ ಅಳು ಬಂತು. ಎಲೆ ತಲುಪುವುದಿಲ್ಲ ಎಂಬ ಭಯ ಒಂದು ಕಡೆ, ಏನೂ ತಪ್ಪು ಮಾಡದವನನ್ನು ಜಗಲಿಯ ಮೇಲೆ ಕೂರಿಸಿ ಬಂದೆನಲ್ಲ ಎಂಬ ನಾಚಿಕೆ ಇನ್ನೊಂದು ಕಡೆ. ಫೋನು ತೆಗೆದಳು, ಅವನಿಗೆ ಏನೆಂದು ಹೇಳುವುದು ತಿಳಿಯದೆ ಮತ್ತೆ ಒಳಗಿಟ್ಟಳು. ಮೂಗು ಒರೆಸಿಕೊಂಡು ಕೆಳಗಿಳಿದಳು. ಪೆಟ್ರೋಲ್ ನೋಡುವ ಕೆಲಸ ಇಷ್ಟು ದಿನ ಅವನದಾಗಿತ್ತು. ಇವತ್ತು ತಾನೇ ನೋಡಬೇಕು.

ಮುಚ್ಚಳ ಹಿಡಿದು ತಿರುಗಿಸಿದಳು. ಬಿಗಿಯಾಗಿತ್ತು. ಬಲಬಿಟ್ಟು ತಿರುಗಿಸಿದಾಗ ಅದು ಸಡಿಲವಾಗಿ, ಒಳಗಿನಿಂದ ‘ಸುಂಯ್ಯ್’ ಎಂದು ಸದ್ದು ಬಂತು. ಹಾವೇನಾದರೂ ಸೇರಿಕೊಂಡಿದೆಯೇ ಎಂದು ಒಂದು ಹೆಜ್ಜೆ ಹಿಂದೆ ಹಾರಿದಳು. ಹಾವಲ್ಲ. ಗಾಳಿ ಹೊರಗಿನಿಂದ ಒಳಕ್ಕೆ ನುಗ್ಗುತ್ತಿತ್ತು. ಬಹಳ ಹೊತ್ತು ನೀರಿನಲ್ಲಿ ಮುಳುಗಿದ್ದವನು ತಲೆಯೆತ್ತಿ ಉಸಿರೆಳೆದುಕೊಂಡ ಹಾಗೆ ಇತ್ತು ಆ ಸದ್ದು. ಶಿವಮಲ್ಲಪ್ಪ ಪ್ರತಿ ಸಲ ಮುಚ್ಚಳ ತೆಗೆಯುವಾಗಲೂ ಶಿವನಾಮ ಕೂಗುತ್ತಿದ್ದನಲ್ಲ, ಅವನ ಕಿವಿಗೆ ಇದು ಬೀಳುವುದಾದರೂ ಹೇಗೆ?

ಪುಟ್ಟಬಸಮ್ಮ ಮುಚ್ಚಳ ಕೈಯಲ್ಲಿ ಹಿಡಿದು ನಿಂತಳು. ಅವಳಿಗೆ ಎಂಜಿನ್ ಗೊತ್ತಿಲ್ಲ, ಎಣ್ಣೆ ಡಬ್ಬ ಗೊತ್ತು. ದೊಡ್ಡ ಡಬ್ಬಕ್ಕೆ ಒಂದೇ ತೂತು ಹೊಡೆದರೆ ಎಣ್ಣೆ ಗುಳುಗುಳು ಎಂದು ಒಂದಿಷ್ಟು ಬಂದು ನಿಂತುಬಿಡುತ್ತದೆ. ಎದುರಿನ ಮೂಲೆಗೆ ಗಾಳಿಯಾಡಲು ಇನ್ನೊಂದು ತೂತು ಹೊಡೆದರೆ ಮಾತ್ರ ಸರಾಗವಾಗಿ ಇಳಿಯುತ್ತದೆ. ಅಡುಗೆಮನೆಗೆ ಕಾಲಿಟ್ಟ ಯಾರಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ. ಇಷ್ಟು ದೊಡ್ಡ ಟ್ಯಾಂಕಿಗೆ ಗಾಳಿಯ ತೂತು ಎಲ್ಲಿ? ಇದ್ದರೆ ಈ ಮುಚ್ಚಳದಲ್ಲೇ ಇರಬೇಕು. ಆದರೆ ಮುಚ್ಚಳದ ಮೇಲೆ ಕಾಣುತ್ತಿದ್ದುದು ಬರೀ ವಿಭೂತಿ.

ಒಂದು ಕ್ಷಣ ಕೈ ಹಿಂಜರಿಯಿತು. “ತಪ್ಪಾದ್ರೆ ಒಟ್ಟೆಗಾಕ್ಕಳಪ್ಪ, ನಂಜುಂಡಪ್ಪ,” ಎಂದು ನಂಜನಗೂಡಿನ ದಿಕ್ಕಿಗೆ ತಿರುಗಿ ಕೈಮುಗಿದು, ಚಾವಿಯ ತುದಿಯಿಂದ ಕೆರೆಯತೊಡಗಿದಳು. ಮೇಲೆ ಇವತ್ತಿನ ಹಸಿ ಬಿಳಿ, ಅದರ ಕೆಳಗೆ ಕುಂಕುಮದ ಕೆಂಪು, ಮತ್ತೆ ಬಿಳಿ, ಮತ್ತೆ ಗಂಧದ ಹಳದಿ. ಗಾರೆಯಂತೆ ಗಟ್ಟಿಯಾಗಿ, ಪದರ ಪದರವಾಗಿ ಎದ್ದು ಬಂತು. ಉದುರಿದ್ದನ್ನೆಲ್ಲ ಸೆರಗಿನಲ್ಲಿ ಹಿಡಿದುಕೊಂಡಳು. ನೆಲಕ್ಕೆ ಚೆಲ್ಲಲು ಮನಸ್ಸು ಬರಲಿಲ್ಲ. ಎಲ್ಲಕ್ಕಿಂತ ಕೆಳಗೆ, ಮುಚ್ಚಳದ ನಟ್ಟನಡುವೆ, ಎಳ್ಳು ಕಾಳಿನಷ್ಟು ಒಂದು ಗುರುತು. ಸೀರೆಯ ಪಿನ್ನು ಬಿಚ್ಚಿ ಚುಚ್ಚಿದಳು. ಪಿನ್ನು ಆ ಕಡೆಯಿಂದ ಹೊರಬಂತು. ಬಾಯಿಟ್ಟು ಊದಿದಳು. ಗಾಳಿ ಹೋಯಿತು. ಹತ್ತಿರದ ಓಡಾಟಕ್ಕೆ ಟ್ಯಾಂಕಿನೊಳಗಿದ್ದ ಗಾಳಿಯೇ ಸಾಕಾಗುತ್ತಿತ್ತು, ಸುತ್ತೂರು ದಾಟುವಷ್ಟರಲ್ಲಿ ಅದು ಮುಗಿಯುತ್ತಿತ್ತು.

ಸೆರಗಿಗೆ ಗಂಟು ಹಾಕಿ, ಮುಚ್ಚಳ ಮುಚ್ಚಿ ಬಂದು ಚಾವಿ ತಿರುಗಿಸಿದಳು. ಮೂರ್ನಾಲ್ಕು ಸಲ ಗೊಣಗಿ ವ್ಯಾನು ಎದ್ದಿತು. ಎದ್ದಿದ್ದೇನೂ ದೊಡ್ಡದಲ್ಲ, ಅದು ಯಾವಾಗಲೂ ಏಳುತ್ತಿತ್ತು. ಮತ್ತೆ ನಿಲ್ಲುತ್ತದೆಯೇ ಎಂಬುದೇ ಪ್ರಶ್ನೆ. ಎರಡನೆಯ ಸಲ ನಿಲ್ಲುತ್ತಿದ್ದ ಜಾಗ ಹತ್ತಿರವಾದಂತೆ ಪುಟ್ಟಬಸಮ್ಮ ಉಸಿರು ಬಿಗಿಹಿಡಿದಳು. ವ್ಯಾನು ಆ ಜಾಗವನ್ನು ದಾಟಿತು. ಅದರ ಮುಂದಿನ ಏರು ಹತ್ತಿತು. ಎದುರಿಗೆ ಬಂದ ಬಸ್ಸಿಗೆ ಕಾರಣವಿಲ್ಲದೆ ಹಾರನ್ ಹೊಡೆದಳು. ಆಮೇಲೆ ತಡೆಯಲಾರದೆ, ಬಾಯಿಗೆ ಬಂದ ಸೋಬಾನೆ ಪದವೊಂದನ್ನು ಗಟ್ಟಿಯಾಗಿ ಹಾಡಿಕೊಂಡೇ ಹೊಳೆಯ ಸೇತುವೆ ದಾಟಿದಳು.

ಮಂಟಪದ ಬಾಗಿಲಲ್ಲಿ ರುದ್ರಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಒಳಗೆ ಇನ್ನೂ ಧಾರೆ ನಡೆಯುತ್ತಿತ್ತು. ಎಲೆ ಇಳಿಯಿತು, ತೊಳೆದರು, ಕುಡಿ ಎಡಕ್ಕೆ ಬರುವಂತೆ ಸಾಲಾಗಿ ಹಾಸಿದರು. ಹಸಿರು ಟೇಬಲ್ಲುಗಳ ಮುಂದೆ ಬೀಗರು ಬಂದು ಕೂತಾಗ ಅವರಲ್ಲೊಬ್ಬ ಮುದುಕ ಎಲೆಯನ್ನು ಬೆರಳಿನಿಂದ ಸವರಿ, “ಎಲೆ ಅಂದ್ರೆ ಇದು ಕಣ್ಲಾ,” ಎಂದ. ರುದ್ರಮ್ಮ ಅದನ್ನು ಕೇಳಿಸಿಕೊಂಡಳು. ಪುಟ್ಟಬಸಮ್ಮನ ಕೈಹಿಡಿದು ಎಳೆದುಕೊಂಡು ಹೋಗಿ ಒಂದು ಎಲೆಯ ಮುಂದೆ ಕೂರಿಸಿದಳು.

“ವೈಶಾಖ ಪೂರ್ತಿ ನಿಂದೇ, ಓಗತ್ಲಾಗೆ. ಮೊದ್ಲು ಉಣ್ಣು. ದಿನಾ ಎಲೆ ತಂದಾಕಿ ಅಂಗೇ ಓಯ್ತೀಯ, ಒಂದಿನಾನಾರ ಅದ್ರಲ್ಲಿ ಕೂತು ಉಂಡಿದ್ದೀಯಾ?”

ಒಬ್ಬಟ್ಟಿನ ಮೇಲೆ ತುಪ್ಪ ಬೀಳುವಾಗ ಪುಟ್ಟಬಸಮ್ಮ ಇನ್ನೊಂದನ್ನೂ ಕೇಳಿ ಹಾಕಿಸಿಕೊಂಡಳು. ಊಟವಾದ ಮೇಲೆ ಅಮೃತೇಶನಿಗೆ ಫೋನು ಮಾಡಿ ಎಲ್ಲ ಹೇಳಿದಳು. ಆ ಕಡೆಯಿಂದ ನಗು ಬಂತು, ನಿಲ್ಲಲೇ ಇಲ್ಲ.

“ಅಕ್ಕ, ಆ ಮುಚ್ಳ ನಾನೇ ಎಷ್ಟ್ ಸಲ ತೆಗ್ದಿವ್ನಿ! ಈಬೂತಿ ಅದೆ, ಕೈ ತಾಗಿ ಅಳ್ಸೋದ್ರೆ ಕಷ್ಟ ಅಂತ ಮೆತ್ಗೆ ಎತ್ತಿ ಪಕ್ಕಕ್ ಮಡ್ಗ್ತಿದ್ದೆ. ಕೈ ಬೇರೆ ಮುಗೀತಿದ್ದೆ!”

ಮನೆಗೆ ಹೊರಟಾಗ ಪುಟ್ಟಬಸಮ್ಮನ ನಾಲಿಗೆ ತುರಿಸುತ್ತಿತ್ತು. ಇಂಥದ್ದು ಗಂಡನ ಮೇಲೆ ಸಿಕ್ಕಿದರೆ ಬಿಡುವವಳೇ ಅಲ್ಲ ಅವಳು. ವರ್ಷವಿಡೀ ಆಡಿಸಬಹುದಾದ ಸರಕು. ದಾರಿಯಲ್ಲಿ ನಾಲ್ಕಾರು ಮಾತುಗಳನ್ನು ಸಾಣೆ ಹಿಡಿದು ಇಟ್ಟುಕೊಂಡಳು. ವ್ಯಾನು ಬಂದ ಸದ್ದಿಗೆ ಶಿವಮಲ್ಲಪ್ಪ ಜಗಲಿಯಿಂದ ಎದ್ದು ನಿಂತ. ಬೆಳಿಗ್ಗೆಯಿಂದ ಅವನು ಅಲ್ಲೇ ಇದ್ದ. ಪಕ್ಕದಲ್ಲಿ ಮುಚ್ಚಿಟ್ಟ ತಟ್ಟೆ ಮುಚ್ಚಿದ ಹಾಗೇ ಇತ್ತು.

“ಎಲೆ ಸೇರ್ತಾ?”

“ಸೇರ್ತು. ವೈಶಾಖ ಎಲ್ಲಾ ನಮ್ದೇ ಅಂದ್ರು.”

ಅವನ ಮುಖ ಅರಳಿತು. ಆಮೇಲೆ ಟವೆಲ್ಲನ್ನು ಹೆಗಲಿನಿಂದ ತೆಗೆದು ಮತ್ತೆ ಹಾಕಿಕೊಂಡು ಹೇಳಿದ, “ನೋಡ್ದಾ, ನೀನ್ ಅಂದಿದ್ದೇ ದಿಟ. ನಾನ್ ಇರ್ಲಿಲ್ಲ, ನೆಟ್ಗೆ ಓಗ್ಬಂತು. ಇನ್ಮ್ಯಾಲೆ ನಾನು ಅತ್ತಲ್ಲ ಬುಡು. ಆ ಸೀಟಲ್ಲೂ ನಾಕ್ ಕಟ್ಟು ಎಲೆ ಇಡುಸ್ತವೆ.”

ಸಾಣೆ ಹಿಡಿದ ಮಾತುಗಳೆಲ್ಲ ಪುಟ್ಟಬಸಮ್ಮನ ಬಾಯಲ್ಲೇ ಕರಗಿದವು. ಅವನ ಪಕ್ಕದಲ್ಲಿ ಕೂತು, ಸೆರಗಿನ ಗಂಟು ಬಿಚ್ಚಿ ವಿಭೂತಿಯ ಚಕ್ಕೆಗಳನ್ನು ತೋರಿಸಿದಳು. ವ್ಯಾನು ನಿಂತಿದ್ದು, ಸದ್ದು, ಎಣ್ಣೆ ಡಬ್ಬ, ಪಿನ್ನು ಎಲ್ಲವನ್ನೂ ಹೇಳಿದಳು. “ನಿಮ್ ಕಾಲ್ಗುಣ ಅಲ್ಲ ಕಣ್ರೀ. ನಾನ್ ಅಂಗನ್ಬಾರ್ದಿತ್ತು,” ಎಂದೂ ಹೇಳಿದಳು.

ಶಿವಮಲ್ಲಪ್ಪ ಚಕ್ಕೆಯೊಂದನ್ನು ಎತ್ತಿ ಬೆಳಕಿಗೆ ಹಿಡಿದ. “ನಾನೇ ಅದ್ರ ಉಸ್ರು ಕಟ್ಟುಸ್ತಿದ್ನಾ?” ಎಂದು ಮೆಲ್ಲಗೆ ಕೇಳಿದ.

“ಊಂ. ವಾರಕ್ಕೆರಡು ಸಲ.”

ಮೊದಲು ನಕ್ಕವರು ಯಾರೆಂದು ಹೇಳುವುದು ಕಷ್ಟ. ಪಕ್ಕದ ಮನೆಯವರು ಏನಾಯಿತೆಂದು ಹೊರಗೆ ಬಂದು ನೋಡುವವರೆಗೂ ಇಬ್ಬರೂ ನಗುತ್ತಲೇ ಇದ್ದರು.

ಮರುದಿನ ಸೋಮವಾರ. ಶಿವಮಲ್ಲಪ್ಪ ಅಭ್ಯಾಸದಂತೆ ವಿಭೂತಿ ತೇಯ್ದುಕೊಂಡು ಬಂದು ವ್ಯಾನಿನ ಮುಂದೆ ನಿಂತ. ಮುಚ್ಚಳದ ಕಡೆ ಹೋಗುವಂತಿಲ್ಲ. ಮುಂದಿನ ಜಾಲರಿ ನೋಡಿದ, ಅಲ್ಲೂ ತೂತುಗಳೇ. ಗಾಜಿಗೆ ಹಚ್ಚಿದರೆ ದಾರಿ ಕಾಣುವುದಿಲ್ಲ. ಮೂರು ಬೆರಳಿನಲ್ಲಿ ವಿಭೂತಿ ಒಣಗುತ್ತಿತ್ತು, ಎಲ್ಲಿ ಹಚ್ಚುವುದೆಂದು ತಿಳಿಯದೆ ಸುತ್ತುತ್ತಿದ್ದ. ಪುಟ್ಟಬಸಮ್ಮ ಡ್ರೈವರ್ ಸೀಟಿನಿಂದ ಇಳಿದು ಬಂದಳು. ಕನ್ನಡಕ ತೆಗೆದು, ಅವನ ಮುಂದೆ ತಲೆ ಬಾಗಿಸಿದಳು.

“ಇಲ್ಲಿ ಅಚ್ಚಿ. ಓಡ್ಸೋಳು ನಾನಲ್ವಾ?”

ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವನು ಲಿಂಗಕ್ಕೆ ಹಚ್ಚಿದ್ದ, ಎತ್ತುಗಳಿಗೆ ಹಚ್ಚಿದ್ದ, ವ್ಯಾನಿಗೆ ಹಚ್ಚಿದ್ದ. ಅವಳ ಹಣೆಗೆ ಒಮ್ಮೆಯೂ ಹಚ್ಚಿರಲಿಲ್ಲ. ಪಟ್ಟೆ ಸ್ವಲ್ಪ ಓರೆಯಾಯಿತು. ಅವಳು ಕನ್ನಡಿಯಲ್ಲಿ ನೋಡಿಕೊಂಡಳು, ಸರಿಮಾಡಿಕೊಳ್ಳಲಿಲ್ಲ. ಸೀಟಿಗೇರಿ ಚಾವಿ ತಿರುಗಿಸಿ, ಎಡಗಡೆಯ ಬಾಗಿಲನ್ನು ಒಳಗಿನಿಂದಲೇ ತೆರೆದು ಕಾದಳು.